ಕಾಡನ್ನು ದೇವಿಗೆ ಕೊಟ್ಟ ಚಳಿಗಾಲ

ಜೈಸಲ್ಮೇರ್
18 ಅಕ್ಟೋಬರ್ 1997

ಬೋಜಿಯವರ ಪಾದಗಳಿಗೆ ಮೈದುನ ದಿವಾನ್ ಸಿಂಗನ ಪೈಲಾಗ.

ರಜೆ ಮುಗಿಸಿ ಬಂದು ಪಲ್ಟನ್ ಸೇರಿದ್ದೇನೆ. ಇಲ್ಲಿ ಕಣ್ಣು ಹಾಯಿಸಿದಷ್ಟೂ ಮರಳು. ಒಂದು ದಿಬ್ಬ ಹತ್ತಿ ಉಸಿರು ಬಿಡೋಣವೆಂದರೆ ಅದೂ ಇಲ್ಲ. ಆದರೆ ರಸ್ತೆಗೆ ಮಾತ್ರ ಬರವಿಲ್ಲ ಬೋಜಿ, ಒಂಟೆ ಬಿಟ್ಟು ಬೇರೇನೂ ಓಡಾಡದ ಕಡೆಗೂ ಟಾರು ಹಾಕಿದ್ದಾರೆ. ನಮ್ಮ ಸಿಲಂಗಧುರಕ್ಕೆ ಮಾತ್ರ ಬಗಡ್‌ಘಾಟಿನಲ್ಲಿ ಬಸ್ಸಿಳಿದು ಅರ್ಧ ದಿನ ಹತ್ತಬೇಕು. ಇದನ್ನು ನೆನೆದರೆ ಊಟ ಸೇರುವುದಿಲ್ಲ.

ಹೊರಡುವ ಹೊತ್ತಿಗೆ ನೀವು ಹೇಳಿದಿರಲ್ಲ, ಮಧುಲಿಗೆ ಚೈತ್ರಕ್ಕೆ ಹೆರಿಗೆ ಎಂದು. ಗಂಡನಾಗಿ ಸಂತೋಷಪಡಬೇಕಾಗಿತ್ತು, ನನಗೆ ಹೆದರಿಕೆಯಾಯಿತು. ಹಿಂದಿನ ಸಲ ಅವಳನ್ನು ಡೋಲಿಯಲ್ಲಿ ಹೊತ್ತು ಆಸ್ಪತ್ರೆಗೆಂದು ಇಳಿದದ್ದು ನಿಮಗೂ ನೆನಪಿದೆ. ಅರ್ಧ ದಾರಿಯಲ್ಲಿ ಕೂಸು ಹುಟ್ಟಿತು, ಅಳಲಿಲ್ಲ. ಡೋಲಿಯ ಮುಂದಿನ ಕಂಬ ನನ್ನ ಹೆಗಲ ಮೇಲೇ ಇತ್ತು. ನಾನು ತಿರುಗಿ ನೋಡುವ ಹಾಗೂ ಇರಲಿಲ್ಲ, ಇಳಿಯುತ್ತಲೇ ಇದ್ದೆ.

ಅಂದಿನಿಂದ ಒಂದೊಂದು ರಜೆಯಲ್ಲೂ ಕಚೇರಿ ಕಚೇರಿ ಅಲೆದೆ. ಈಗ ರಸ್ತೆ ಮಂಜೂರಾಗಿದೆ, ಗೂಟ ಹೊಡೆದಾಗಿದೆ. ಚಳಿಗಾಲದಲ್ಲಿ ಬುಲ್ಡೋಜರ್ ಬಂದರೆ ಚೈತ್ರದೊಳಗೆ ಜೀಪು ನಮ್ಮ ಅಂಗಳದ ಕೆಳಗೆ ನಿಲ್ಲುತ್ತದೆ. ನಿಮ್ಮನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಪಿಥೌರಾಗಢ ತೋರಿಸಿಕೊಂಡು ಬರುತ್ತೇನೆ. ಚಾಲಕನ ಮೈಮೇಲೆ ವಾಂತಿ ಮಾಡದಿದ್ದರೆ ಸಾಕು.

ಮಧುಲಿಯನ್ನು ಹುಲ್ಲಿಗೆ ಕಳಿಸಬೇಡಿ. ನಿಮ್ಮ ಕಾಗದದ ಕೊನೆಯಲ್ಲಿ ಅವಳ ಕೈಯಿಂದಲೂ ಎರಡು ಸಾಲು ಬರೆಸಿ.

ನಿಮ್ಮ ದಿವಾನ್


ಸಿಲಂಗಧುರ
9 ನವೆಂಬರ್ 1997

ದಿವಾನ್, ಜೀ ರಯಾ. ನೂರು ಕಾಲ ಬಾಳು.

ಕೂಸು ಹುಟ್ಟುವ ಮುಂಚೆ ಕುಲಾವಿ ಅಂದಂತೆ, ರಸ್ತೆಯೇ ಇಲ್ಲ, ನನಗೆ ಜೀಪಿನ ಸೀಟು ಹಿಡಿದಿದ್ದೀಯ. ವಾಂತಿ ಮಾಡುವುದಾದರೆ ನಿನ್ನ ಸಮವಸ್ತ್ರದ ಮೇಲೇ ಮಾಡುತ್ತೇನೆ, ಚಾಲಕ ಏನು ಪಾಪ ಮಾಡಿದ್ದಾನೆ.

ಮಧುಲಿ ಆರಾಮಾಗಿದ್ದಾಳೆ. ಹುಳಿ ಬೇಕು ಅನ್ನುತ್ತಾಳೆ. ದೊಡ್ಡ ನಿಂಬೆ ಬಿಡಿಸಿ, ಮೊಸರು, ಬೆಲ್ಲ, ಹುರಿದ ಭಂಗಿ ಬೀಜ ಅರೆದು ಕಲಸಿ ಕೊಟ್ಟರೆ ಒಬ್ಬಳೇ ಬಟ್ಟಲು ಖಾಲಿ ಮಾಡುತ್ತಾಳೆ. ಹುಲ್ಲಿಗೆ ಹೋಗಬೇಡ ಅಂದರೆ ನನ್ನನ್ನೇ ಗದರುತ್ತಾಳೆ. ಎಮ್ಮೆ ಯಾರ ಬಸಿರನ್ನೂ ಕೇಳುವುದಿಲ್ಲವಂತೆ.

ಗೂಟಗಳನ್ನು ಹೋಗಿ ನೋಡಿ ಬಂದೆ. ರಸ್ತೆ ಕಾಡಿನ ಅಂಚಿನಲ್ಲಿ ಹೋಗುತ್ತದೆ ಎಂದು ನೀನು ಹೇಳಿದ್ದೆ. ಹೊಡೆದಿರುವುದು ಬಾಂಜ್ ಕಾಡಿನ ನಡು ಹೊಟ್ಟೆಗೆ. ಆ ಕಾಡು ತಾನಾಗಿ ಬೆಳೆದದ್ದಲ್ಲ ದಿವಾನ್. ನಾನು ಸರಪಂಚ್ ಆಗುವ ಮುಂಚಿನಿಂದ ಊರಿನ ಹೆಂಗಸರು ಕಾದದ್ದು. ಕಾವಲಿನ ಕೋಲು ಸಂಜೆ ಯಾರ ಬಾಗಿಲಿಗೆ ಬರುತ್ತದೋ ಮರುದಿನ ಅವಳು ಕಾಡು ಸುತ್ತಬೇಕು. ನಿನ್ನ ದಾಜ್ಯು, ನನ್ನ ಯಜಮಾನರು, ತೀರಿಕೊಂಡ ತಿಂಗಳೂ ಕೋಲು ನಮ್ಮ ಬಾಗಿಲಿಗೆ ಬಂದಿತ್ತು, ನಾನು ಹೋಗಿದ್ದೆ. ಬಾಂಜ್ ಮರದ ಬೇರು ನೀರು ಹಿಡಿದಿಡುತ್ತದೆಂದೇ ನಮ್ಮ ನೌಲಾದ ಒರತೆಯಲ್ಲಿ ಬೇಸಿಗೆಯಲ್ಲೂ ಕೊಡ ಮುಳುಗುತ್ತದೆ. ಪೈನ್ ಗುಡ್ಡದ ಕೆಳಗಿನ ಊರಿನವರು ನಮ್ಮಲ್ಲಿಗೇ ನೀರಿಗೆ ಬರುತ್ತಾರೆ.

ಮೊದಲು ಅಳತೆಯವರು ಹೊಳೆಯ ಕಡೆಯಿಂದ ಸರಪಳಿ ಎಳೆದಿದ್ದರು ಎಂದು ಹೇಸರಗತ್ತೆ ಹೊಡೆಯುವ ಕೇಶರ್ ಸಿಂಗ್ ಹೇಳುತ್ತಾನೆ. ಆಮೇಲೆ ಯಾಕೆ ಮೇಲಕ್ಕೆ ತಿರುಗಿದರು? ನಿನಗೆ ಗೊತ್ತಿದ್ದರೆ ಬರೆ.

ಮಧುಲಿಗೆ ನಾಚಿಕೆ. ಮುಂದಿನ ಸಲ ಬರೆಸುತ್ತೇನೆ.

ಖಷ್ಟಿ


ಜೈಸಲ್ಮೇರ್
24 ನವೆಂಬರ್ 1997

ಬೋಜಿ, ಪೈಲಾಗ.

ಎಂಜಿನಿಯರುಗಳ ಲೆಕ್ಕ ನಮಗೆ ಎಲ್ಲಿ ತಿಳಿಯುತ್ತದೆ? ಹೊಳೆಯ ಕಡೆ ಮಣ್ಣು ಸಡಿಲ ಎಂದಿರಬಹುದು, ಏರು ಹೆಚ್ಚು ಎಂದಿರಬಹುದು. ಕೇಶರ್ ಸಿಂಗನ ಮಾತಿಗೆ ಕಿವಿ ಕೊಡಬೇಡಿ. ರಸ್ತೆ ಬಂದ ದಿನ ಅವನ ಹೇಸರಗತ್ತೆಗಳನ್ನು ಯಾರೂ ಮೂಸುವುದಿಲ್ಲ. ಅವನು ಈಗಿನಿಂದಲೇ ಒಬ್ಬೊಬ್ಬರ ಅಂಗಳದಲ್ಲಿ ಕೂತು ಊದುತ್ತಿದ್ದಾನೆ ಎಂದರೆ ನನಗೇನೂ ಆಶ್ಚರ್ಯವಿಲ್ಲ.

ನಿಮಗೆ ಕಾಡಿನ ಮೇಲೆ ಜೀವ ಎಂದು ನನಗೆ ಗೊತ್ತು. ಆದರೆ ಮರ ಮತ್ತೆ ಬೆಳೆಯುತ್ತದೆ. ಹೋದ ಕೂಸು ಬರುವುದಿಲ್ಲ. ಸರಪಂಚ್ ನೀವು, ನೀವೇ ಎರಡು ಮಾತು ಹೇಳಿದರೆ ಊರ ಹೆಂಗಸರು ಸುಮ್ಮನಾಗುತ್ತಾರೆ. ಒಂದು ಚಳಿಗಾಲ ಸಹಿಸಿಕೊಳ್ಳಿ.

ಈಗೀಗ ನಿದ್ದೆ ಬರುವುದಿಲ್ಲ. ಪಹರೆ ಇಲ್ಲದಾಗಲೂ ಎದ್ದು ಓಡಾಡುತ್ತೇನೆ. ಜತೆಯವರು ನನ್ನನ್ನು ಒಂಟೆ ಎಂದು ಕರೆಯಲು ಶುರುಮಾಡಿದ್ದಾರೆ.

ದಿವಾನ್


ಸಿಲಂಗಧುರ
20 ಡಿಸೆಂಬರ್ 1997

ದಿವಾನ್, ಜೀ ರಯಾ.

ಸುದ್ದಿ ನೆಟ್ಟಗೆ ಹೇಳಿಬಿಡುತ್ತೇನೆ. ಬುಲ್ಡೋಜರ್ ಬಂದಿತ್ತು, ತಿರುಗಿ ಹೋಯಿತು.

ಬಗಡ್‌ಘಾಟಿನ ಹೊಳೆ ದಾಟಿ ಸ್ವಲ್ಪ ದೂರ ಗುಡ್ಡ ಕೊರೆದು ಕಾಡಿನ ಗಡಿಗೆ ಬಂತು. ಗಡಿಯ ಮರಗಳಿಗೆಲ್ಲ ಕೆಂಪು ಬಟ್ಟೆ, ಬಿಳಿ ಬಟ್ಟೆ ಕಟ್ಟಿತ್ತು. ಕಾಡನ್ನು ಐದು ವರ್ಷಕ್ಕೆ ಧುರಾ ಭಗವತಿಗೆ ಕೊಟ್ಟಾಗಿತ್ತು. ಬುಲ್ಡೋಜರ್ ಹುಡುಗ ನಮ್ಮ ಪಹಾಡಿನವನೇ, ಡೀಡಿಹಾಟ್ ಕಡೆಯವನು. ಬಟ್ಟೆ ಕಂಡದ್ದೇ ಯಂತ್ರ ನಿಲ್ಲಿಸಿ, ಇಳಿದು, ಚಪ್ಪಲಿ ಬಿಟ್ಟು ಕೈಮುಗಿದ. ಗುತ್ತಿಗೆದಾರ ಬೈದ, ಕೂಲಿ ಹೆಚ್ಚಿಗೆ ಕೊಡುತ್ತೇನೆ ಅಂದ. ಹುಡುಗ ಒಂದೇ ಮಾತು ಹೇಳಿದ: "ಕೆಲ್ಸ ಇನ್ನೊಂದ್ ಕಡೆ ಸಿಗುತ್ತೆ ಸಾಹೇಬ್ರೇ. ನನ್ ಮನೇಲಿ ಮಕ್ಳಿದಾವೆ."

ಯಾರು ಕೊಟ್ಟರು ಎಂದು ಕೇಳಬೇಡ. ಊರು ಕೊಟ್ಟಿತು.

ದೇವಿಗೆ ಕೊಟ್ಟ ಮೇಲೆ ಕೊಟ್ಟದ್ದೇ. ನಮ್ಮ ಕುಡುಗೋಲೂ ಒಳಗೆ ಹೋಗುವ ಹಾಗಿಲ್ಲ, ಬಿದ್ದ ಎಲೆ ಕೂಡ ತರುವ ಹಾಗಿಲ್ಲ. ಹೆಂಗಸರು ಈಗ ಹುಲ್ಲಿಗೆ ಹೊಳೆಯಾಚೆಯ ಕಡಿದಾದ ಗುಡ್ಡ ಹತ್ತುತ್ತಾರೆ. ಬೈಯುತ್ತ ಹೋಗುತ್ತಾರೆ, ಬೈಯುತ್ತ ಬರುತ್ತಾರೆ. ಮಧುಲಿಯನ್ನು ಕಳಿಸುತ್ತಿಲ್ಲ. ಅವಳ ಪಾಲಿನ ಹೊರೆಯನ್ನೂ ನಾನೇ ತರುತ್ತೇನೆ.

ಈ ಕಾಗದದ ಕೆಳಗೆ ಅವಳಿಗೆ ಜಾಗ ಬಿಟ್ಟುಕೊಟ್ಟೆ. ಪೆನ್ನು ಹಿಡಿದು ತುಂಬ ಹೊತ್ತು ಕೂತಿದ್ದಳು. ಆಮೇಲೆ ಎಮ್ಮೆ ಕರೆಯಬೇಕು ಎಂದು ಎದ್ದು ಹೋದಳು.

ಖಷ್ಟಿ


ಜೈಸಲ್ಮೇರ್
3 ಜನವರಿ 1998

ಬೋಜಿ,

ಊರು ಕೊಟ್ಟಿತಂತೆ. ಊರಿಗೆ ಕೈ ಇದೆಯೇ, ಬಟ್ಟೆ ಕಟ್ಟುವುದಕ್ಕೆ? ಯಾರೋ ಒಬ್ಬರು ಮುಂದೆ ನಿಂತು ದೇವಿಯ ಎದುರು ಅಕ್ಕಿ ಹಾಕಿ ಮಾತು ಕೊಟ್ಟಿರಬೇಕು. ಆ ಒಬ್ಬ ಯಾರೆಂದು ನನಗೆ ಗೊತ್ತು. ಕೇಶರ್ ಸಿಂಗ್. ನೀವು ಒಂಟಿ ಹೆಂಗಸು, ಹೆದರಿ ಹೆಸರು ಹೇಳುತ್ತಿಲ್ಲ. ಬೇಡ, ಹೇಳಬೇಡಿ. ನನ್ನಿಂದ ನಿಮಗೆ ಊರಿನಲ್ಲಿ ತೊಂದರೆಯಾಗಬಾರದು.

ಅವನು ದೇವಿಯ ಬಳಿಗೆ ಹೋಗಿದ್ದಾನೆ. ನಾನೂ ಅಲ್ಲಿಗೇ ಹೋಗುತ್ತೇನೆ. ಈ ಕಾಗದದ ಜತೆ ಒಂದು ಅರ್ಜಿ ಇಟ್ಟಿದ್ದೇನೆ. ಯಾರ ಹೆಸರನ್ನೂ ಬರೆದಿಲ್ಲ, ದೇವಿಗೆ ಗೊತ್ತಾಗುತ್ತದೆ. "ಸ್ವಂತ ಲಾಭಕ್ಕೆ ಸಿಲಂಗಧುರದ ರಸ್ತೆಯನ್ನು ತಪ್ಪಿಸಿದವರು ಯಾರೇ ಆಗಿರಲಿ, ತಾಯಿ, ನನ್ನ ಘಾತ, ನನ್ನ ಶಾಪ, ಅವರಿಗೆ ತಟ್ಟಲಿ. ಅವರು ನಿನ್ನ ಎದುರು ಬಂದು ಒಪ್ಪಿಕೊಳ್ಳುವವರೆಗೆ ಅವರ ಮನೆಯಲ್ಲಿ ಸುಖವಿಲ್ಲದಿರಲಿ." ಇಷ್ಟೇ ಬರೆದಿರುವುದು.

ಒಂದು ಮುಷ್ಟಿ ಅಕ್ಕಿಯ ಜತೆ ಇದನ್ನು ಧುರಾ ಭಗವತಿಯ ಗುಡಿಯಲ್ಲಿ, ಗಂಟೆಗಳ ಪಕ್ಕ ತೂಗುಹಾಕಿ ಬನ್ನಿ. ಬೇರೆ ಯಾರ ಕೈಯಲ್ಲೂ ಕೊಡಬೇಡಿ. ಈ ಕೆಲಸಕ್ಕೆ ನನಗೆ ನಿಮ್ಮ ಮೇಲಲ್ಲದೆ ಇನ್ಯಾರ ಮೇಲೂ ನಂಬಿಕೆಯಿಲ್ಲ.

ದಿವಾನ್


ಜೈಸಲ್ಮೇರ್
10 ಫೆಬ್ರವರಿ 1998

ಬೋಜಿ, ಪೈಲಾಗ.

ನನ್ನ ಕಾಗದ ಮುಟ್ಟಿತೇ? ನಿಮ್ಮಿಂದ ಒಂದು ಸಾಲೂ ಇಲ್ಲ. ದಿನವೂ ಟಪಾಲು ಹಂಚುವವನ ಮುಂದೆ ಹೋಗಿ ನಿಲ್ಲುತ್ತೇನೆ. ಅವನಿಗೆ ನನ್ನ ಮುಖ ನೋಡಿ ಸಾಕಾಗಿದೆ.

ಮಧುಲಿ ಹೇಗಿದ್ದಾಳೆ? ಹಿಮ ಬಿತ್ತೇ? ಸಂಕ್ರಾಂತಿಯ ಘುಗುತಿಯಾ ಹಬ್ಬಕ್ಕೆ ಕಾಗೆಗಳನ್ನು ಕರೆದು ತಿನಿಸಿದಿರಾ?

ಇಲ್ಲಿ ಚಂಪಾವತ್ ಕಡೆಯ ಒಬ್ಬ ಸುಬೇದಾರರಿದ್ದಾರೆ, ತಿಳಿದವರು. ಮಾತಿಗೆ ಮಾತು ಬಂದು ಘಾತದ ವಿಷಯ ತೆಗೆದೆ. ಅವರು, ಹಾಕುವ ಮುಂಚೆ ಮನೆಯ ನಾಲ್ಕು ಮೂಲೆ ನೋಡಿಕೊಂಡು ಹಾಕಬೇಕು, ಅದು ತಪ್ಪಿತಸ್ಥನನ್ನು ಹುಡುಕಿಕೊಂಡು ಹೋಗುತ್ತದೆಯೇ ಹೊರತು ಹಾಕಿದವನ ಮನೆ ಯಾವುದು ಎಂದು ನೋಡುವುದಿಲ್ಲ ಅಂದರು. ಸುಮ್ಮನೆ ಹೇಳಿದರು. ನಾನೂ ಸುಮ್ಮನೆ ಬರೆಯುತ್ತಿದ್ದೇನೆ.

ಅರ್ಜಿಯನ್ನು ಇನ್ನೂ ತೂಗುಹಾಕಿರದಿದ್ದರೆ ಹಾಗೇ ಇಟ್ಟುಕೊಳ್ಳಿ. ಅವಸರವೇನಿಲ್ಲ. ನಾನು ಬಂದ ಮೇಲೆ ನೋಡೋಣ. ಇದು ಕೈಸೇರಿದ ತಕ್ಷಣ ಉತ್ತರ ಬರೆಯಿರಿ.

ದಿವಾನ್


ಸಿಲಂಗಧುರ
22 ಫೆಬ್ರವರಿ 1998

ದಿವಾನ್,

ನಿನ್ನ ಅರ್ಜಿಯನ್ನು ತೂಗುಹಾಕಿದ್ದೇನೆ. ನಿನ್ನ ಎರಡನೆಯ ಕಾಗದ ಬರುವ ಮುಂಚೆಯೇ ಆ ಕೆಲಸ ಆಗಿತ್ತು.

ಮೊದಲು ನನ್ನ ಮಾತು. ಕಾಡನ್ನು ದೇವಿಗೆ ಕೊಟ್ಟವಳು ನಾನು. ಕೇಶರ್ ಸಿಂಗ್ ಅಲ್ಲ. ಪಂಚಾಯಿತಿ ಕೂಡಿಸಿದ್ದು ನಾನು, ಅಕ್ಕಿ ಹಾಕಿದ್ದು ನಾನು, ಮೊದಲನೆಯ ಬಟ್ಟೆ ಕಟ್ಟಿದ್ದೂ ನಾನೇ. ಅವನು ಪಾಪ ಮೂಲೆಯಲ್ಲಿ ಕೂತು, ರಸ್ತೆ ಬರಲಿ ಸರಪಂಚ್‌ಜೀ, ನಾನು ಜೀಪು ಕಲೀತೀನಿ ಅನ್ನುತ್ತಿದ್ದ. ನಿನಗೆ ಹೇಳಲಿಲ್ಲ. ಡೋಲಿ ಹೊತ್ತ ನಿನ್ನ ಹೆಗಲು ನನಗೂ ಗೊತ್ತು, ಅದಕ್ಕೇ ಬಾಯಿ ಬರಲಿಲ್ಲ.

ನಿನ್ನ ಅರ್ಜಿ ಬಂದ ವಾರವೇ ಓವರ್ಸಿಯರ್ ಬಂದ. ಬಟ್ಟೆ ಬಿಚ್ಚಿಸಿ ಎಂದು ನನ್ನನ್ನು ಒಲಿಸಲು ಬಂದವನು, ಚಹಾ ಕುಡಿಯುತ್ತ ನಮಗೆ ಉಪಕಾರ ಮಾಡಿದವನ ಹಾಗೆ ಮಾತಾಡಿದ. "ಮೊದಲ್ನೇ ಗೆರೆ ಹೊಳೆ ಪಕ್ಕ ನಿಮ್ ಗದ್ದೆ ಮೇಲೇ ಹೋಗಿತ್ತಮ್ಮಾ. ನಿಮ್ ಮೈದುನ ರಜೆಗೆ ಬಂದಾಗ ಅರ್ಜಿ ಕೊಟ್ಟು, ಓಡಾಡಿ, ಮೇಲಕ್ಕೆ ಹಾಕಿಸ್ದ್ರು. ಗದ್ದೆ ಉಳೀತಲ್ಲ, ಇನ್ನು ನಾಕು ಮರಕ್ಕೆ ಯಾಕ್ ಅಳ್ತೀರಿ?" ನಾನು ಅವನ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು? ನವೆಂಬರಿನಲ್ಲಿ ನಿನ್ನನ್ನು ಕೇಳಿದ್ದೆ. ಮಣ್ಣು ಸಡಿಲ ಎಂದು ಬರೆದೆ.

ನಿನ್ನ ಅರ್ಜಿ ನಾಲ್ಕು ದಿನ ಅಕ್ಕಿ ಡಬ್ಬದ ಮೇಲೆ ಇತ್ತು. ಸುಡಬಹುದಿತ್ತು. ದೇವಿಯ ಹೆಸರಿಗೆ ಬಂದದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವವಳು ನಾನಲ್ಲ. ತಪ್ಪಿಸಿದವರು ಯಾರೇ ಆಗಿರಲಿ ಎಂದು ಬರೆದಿದ್ದೀಯ. ಆ ಸಾಲಿನಲ್ಲಿ ನಾನೂ ಕೂರುತ್ತೇನೆ, ನೀನೂ ಕೂರುತ್ತೀಯ. ಇಬ್ಬರದೂ ಒಂದೇ ಮನೆ. ಅದನ್ನು ಗಂಟೆಗಳ ಪಕ್ಕ ಕಟ್ಟಿ, ಒಂದು ಮುಷ್ಟಿ ಅಕ್ಕಿ ಹಾಕಿ ಬಂದೆ.

ಮನೆಗೆ ಬಂದು ಮಧುಲಿಗೆ ಎಲ್ಲವನ್ನೂ ಹೇಳಿದೆ. ರೊಟ್ಟಿ ಬೇಯಿಸುತ್ತಿದ್ದಳು. ಬೆಂಕಿಯಿಂದ ಕಣ್ಣು ತೆಗೆಯದೆ ಕೇಳಿದಳು: "ನೀವು ಕಾಡು ಕೊಟ್ರಿ, ಅವ್ರು ಘಾತ ಹಾಕಿದ್ರು. ಹೆರೋಳು ನಾನು ದಿದಿ. ಒಬ್ರಾದ್ರೂ ನನ್ನ ಒಂದು ಮಾತು ಕೇಳಿದ್ರಾ?"

ಇದಕ್ಕೆ ನಿನ್ನ ಬಳಿ ಉತ್ತರವಿದ್ದರೆ ಅವಳಿಗೇ ಬರೆ.

ಖಷ್ಟಿ


ಜೈಸಲ್ಮೇರ್
8 ಮಾರ್ಚ್ 1998

ಬೋಜಿ,

ಅರ್ಜಿ ತೆಗೆಸಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಪೂಜಾರಿಯನ್ನು ಕರೆದುಕೊಂಡು ಹೋಗಿ ಮೊದಲು ಅದನ್ನು ತೆಗೆಸಿ.

ಓವರ್ಸಿಯರ್ ಹೇಳಿದ್ದು ನಿಜ. ಆದರೆ ನನಗಾಗಿ ಮಾಡಿದ್ದಲ್ಲ. ಆ ಗದ್ದೆಯ ಕಲ್ಲಿನ ಗೋಡೆಗಳು ದಾಜ್ಯು ಕಟ್ಟಿದ್ದು. ಅವರ ಕೈಯ ಗುರುತೆಂದು ನಿಮಗೆ ಉಳಿದಿರುವುದು ಅದೊಂದೇ. ಬುಲ್ಡೋಜರ್ ಅದರ ಮೇಲೆ ಹೋಗುವುದನ್ನು ನೀವು ಅಂಗಳದಲ್ಲಿ ನಿಂತು ನೋಡಬೇಕಾಗುತ್ತದೆ ಎಂದು ನೆನೆದು ನನಗೆ ತಡೆಯಲಾಗಲಿಲ್ಲ. ಕಾಡು ಎಲ್ಲರದು, ಸ್ವಲ್ಪ ಹೋದರೆ ಯಾರಿಗೂ ಹೆಚ್ಚು ನೋಯುವುದಿಲ್ಲ ಎಂದುಕೊಂಡೆ. ನಿಮಗೇ ಹೆಚ್ಚು ನೋಯುತ್ತದೆ ಎಂದು ಹೊಳೆಯಲಿಲ್ಲ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ನನಗೆ ಹತ್ತಿರದ ಬೆಟ್ಟವೇ ಕಾಣಿಸಲಿಲ್ಲ.

ರಜೆ ಕೇಳಿದೆ. ಮೇ ತಿಂಗಳ ಮುಂಚೆ ಇಲ್ಲ ಅಂದರು. ಇನ್ನೊಮ್ಮೆ ಕೇಳಿದೆ, ಬೈಸಿಕೊಂಡೆ.

ಗದ್ದೆ ಹೋಗಲಿ. ಎಲ್ಲಿ ಹೇಳುತ್ತೀರೋ ಅಲ್ಲಿ ಸಹಿ ಹಾಕುತ್ತೇನೆ. ಮಧುಲಿಗೆ ಬೇರೆ ಕಾಗದ ಬರೆಯಲು ಕೂತೆ. "ಮಧುಲಿ" ಎಂದು ಬರೆದ ಮೇಲೆ ಮುಂದಕ್ಕೆ ಹೋಗಲಿಲ್ಲ. ಅವಳಿಗೆ ಏನೂ ಆಗದ ಹಾಗೆ ನೋಡಿಕೊಳ್ಳಿ. ನನಗೆ ತುಂಬ ಭಯವಾಗಿದೆ ಬೋಜಿ.

ದಿವಾನ್


ಸಿಲಂಗಧುರ
25 ಮಾರ್ಚ್ 1998

ದಿವಾನ್,

ಅರ್ಜಿ ತೆಗೆಯುವುದು ನನ್ನೊಬ್ಬಳ ಕೈಯಲ್ಲಿಲ್ಲ. ಪೂಜಾರಿಯನ್ನು ಕೇಳಿದೆ. ಘಾತ ಹಾಕಿದವನು, ತಪ್ಪು ಮಾಡಿದವರು, ಎದುರುಬದುರು ನಿಂತು ಒಬ್ಬರ ಕೈಯ ಅಕ್ಕಿಯನ್ನು ಇನ್ನೊಬ್ಬರು ತಗೊಳ್ಳಬೇಕಂತೆ. ನೀನು ಬರುವವರೆಗೆ ಅದು ಅಲ್ಲೇ ಇರುತ್ತದೆ.

ಗೋಡೆಯ ವಿಷಯ ಓದಿ ಮೊದಲು ನಗು ಬಂತು, ಆಮೇಲೆ ಅಳು. ಆ ಗೋಡೆಗೆ ಕಲ್ಲು ಹೊತ್ತವಳು ನಾನು ಕಣೋ. ನಿನ್ನ ದಾಜ್ಯು ಬದುವಿನ ಮೇಲೆ ಕೂತು ಬೀಡಿ ಸೇದುತ್ತ, ಇಲ್ಲಿಡು, ಅಲ್ಲಿಡು ಅನ್ನುತ್ತಿದ್ದರು. ಗುರುತಿಗೆ ನನಗೆ ಗದ್ದೆ ಬೇಕಾಗಿಲ್ಲ. ಒಂದು ಮಾತು ಕೇಳಿದ್ದರೆ ಅವತ್ತೇ ಬಿಟ್ಟುಕೊಡುತ್ತಿದ್ದೆ. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಹೆಂಗಸರು ಈಗಲೂ ಆಚೆ ಗುಡ್ಡದಲ್ಲಿ ಹುಲ್ಲಿಗೆ ತೆವಳುತ್ತಿದ್ದಾರೆ.

ಇನ್ನೊಂದು ಸುದ್ದಿ. ಮಧುಲಿ ಮನೆಯಲ್ಲಿಲ್ಲ. ಬೆಳಿಗ್ಗೆ ಎಮ್ಮೆ ಕರೆದು, ಒಲೆ ಸಾರಿಸಿ, ಗಂಟು ಕಟ್ಟಿದಳು. ಬಗಡ್‌ಘಾಟಿಗೆ ತವರಿಗೆ ಹೋಗುತ್ತೇನೆ, ಅಲ್ಲಿ ಬಾಗಿಲ ಮುಂದೆ ಬಸ್ಸು ನಿಲ್ಲುತ್ತದೆ, ನರ್ಸಮ್ಮ ಇದ್ದಾಳೆ ಅಂದಳು. ತವರಿನಲ್ಲಿ ಹೆರುವುದು ನಮ್ಮಲ್ಲಿ ಇಲ್ಲ, ಊರು ಏನನ್ನುತ್ತದೆ ಅಂದೆ. ಊರು ಅನ್ನುವುದನ್ನೆಲ್ಲ ಎರಡು ವರ್ಷದ ಹಿಂದೆ ಡೋಲಿಯಲ್ಲಿ ಮಲಗಿ ಕೇಳಿದ್ದೇನೆ ಅಂದಳು. ಕೇಶರ್ ಸಿಂಗ್ ಗಂಟನ್ನು ಹೇಸರಗತ್ತೆಯ ಮೇಲೆ ಹೇರಿಕೊಂಡು ಮುಂದೆ ನಡೆದ. ಅವಳು ಹಿಂದೆ, ಒಂದು ಕೈ ಸೊಂಟದ ಮೇಲೆ ಇಟ್ಟುಕೊಂಡು, ನಿಧಾನವಾಗಿ ಇಳಿದಳು. ನಾನೂ ಬರುತ್ತೇನೆ ಅಂದೆ. ಬೇಡ ಅಂದಳು.

ಈಗ ಮನೆಯಲ್ಲಿ ನಾನು, ಎಮ್ಮೆ. ಅಂಗಳಕ್ಕೂ ಒಳಕ್ಕೂ ಓಡಾಡುತ್ತೇನೆ. ಕೆಳಗಿನಿಂದ ಯಾರಾದರೂ ಹತ್ತಿ ಬಂದರೆ ಓಡಿ ಹೋಗಿ ಅಂಗಳದ ಅಂಚಿನಲ್ಲಿ ನಿಲ್ಲುತ್ತೇನೆ.

ಖಷ್ಟಿ


ಬಗಡ್‌ಘಾಟ್
2 ಮೇ 1998

ದಿದಿಗೆ, ಮತ್ತು ಅವರಿಗೆ.

ಒಂದೇ ಕಾಗದವನ್ನು ಎರಡು ಸಲ ಬರೆಯುತ್ತಿದ್ದೇನೆ. ಒಂದು ಜೈಸಲ್ಮೇರಿಗೆ, ಒಂದು ಮೇಲಿನ ಊರಿಗೆ. ಒಂದು ಅಕ್ಷರವೂ ಹೆಚ್ಚುಕಡಿಮೆ ಇಲ್ಲ. ಇನ್ನು ಮೇಲೆ ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೂ ಗೊತ್ತಿರಲಿ.

ಹೆಣ್ಣು ಮಗು. ತವರಿನ ಮಾಳಿಗೆಯ ಮೇಲೆ ಹೆರಬಾರದೆಂದು ನನ್ನ ಇಜಾ, ಹೆತ್ತಮ್ಮ, ಕೆಳಗಿನ ಕೊಟ್ಟಿಗೆ ಸಾರಿಸಿ ಹಾಸಿದ್ದಳು. ಕಷ್ಟವಾಯಿತು. ಮಧ್ಯಾಹ್ನದ ಹೊತ್ತಿಗೆ ನರ್ಸಮ್ಮ ತನ್ನ ಕೈಲಾಗುವುದಿಲ್ಲ ಎಂದು ಬಸ್ಸು ನಿಲ್ಲಿಸಿದಳು. ಜನರೆಲ್ಲ ಇಳಿದು ಹಿಂದಿನ ಸೀಟು ಬಿಟ್ಟುಕೊಟ್ಟರು. ದೊಡ್ಡ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ತೆಗೆದರು. ಹುಟ್ಟಿದ ಕೂಡಲೇ ಅತ್ತಳು, ಇನ್ನೂ ಪೂರ್ತಿ ನಿಲ್ಲಿಸಿಲ್ಲ. ಮೇಲೆ ಇದ್ದಿದ್ದರೆ ನಾವಿಬ್ಬರೂ ಇರುತ್ತಿರಲಿಲ್ಲ ಎಂದು ಡಾಕ್ಟರಮ್ಮ ಹೇಳಿದಳು. ಇದನ್ನು ನಿಮ್ಮನ್ನು ಚುಚ್ಚುವುದಕ್ಕೆಂದೇ ಬರೆದಿದ್ದೇನೆ. ಇಬ್ಬರೂ ಎರಡೆರಡು ಸಲ ಓದಿ.

ಕಾಡು ದೇವಿಯ ಬಳಿಯೇ ಇರಲಿ. ನೌಲಾದ ನೀರು ಕುಡಿದೇ ನನಗೂ ಹಾಲು ಬಂದಿರುವುದು. ರಸ್ತೆ ಗದ್ದೆಯ ಮೇಲೆ ಹೋಗಲಿ. ಬರೆದುಕೊಡಲು ಇಬ್ಬರ ಸಹಿಯೂ ಬೇಕು. ಗದ್ದೆ ಹೋದರೆ ಊಟಕ್ಕೆ ಅಕ್ಕಿ ಎಲ್ಲಿಂದ ಎಂದು ಕೇಳಬೇಡಿ. ನಾನು ರಾಗಿ ರೊಟ್ಟಿ ತಿಂದು ಬೆಳೆದವಳು, ಇವಳೂ ತಿನ್ನುತ್ತಾಳೆ. ಸಹಿ ಬಿದ್ದ ದಿನ ಮಗಳನ್ನು ಎತ್ತಿಕೊಂಡು ಮೇಲೆ ಬರುತ್ತೇನೆ. ರಸ್ತೆ ಆಗುವವರೆಗೆ ಕಾಯುವುದಿಲ್ಲ, ಸರ್ಕಾರದ ಕೆಲಸ, ಕಾದರೆ ಇವಳ ಮದುವೆಯಾಗಿಬಿಡುತ್ತದೆ.

ಗಾಯ ಪೂರ್ತಿ ಮಾಗಿಲ್ಲ. ಆದರೂ ಸೂತಕ ಕಳೆದ ಮೇಲೆ ತಡೆಯಲಾಗಲಿಲ್ಲ. ನಿನ್ನೆ ಕೇಶರ್ ಸಿಂಗನ ಹೇಸರಗತ್ತೆಯ ಮೇಲೆ ಕೂತು, ಮಗಳನ್ನು ಎದೆಗೆ ಕಟ್ಟಿಕೊಂಡು ಧುರಾ ಗುಡಿಗೆ ಹೋದೆ. ಅರ್ಜಿ ಗಾಳಿಗೆ ಹೊಡೆದುಕೊಳ್ಳುತ್ತಿತ್ತು. ನಾನು ಮುಟ್ಟಲಿಲ್ಲ, ಅದನ್ನು ನೀವಿಬ್ಬರೇ ಬಂದು ತೆಗೆಯಿರಿ. ಅಲ್ಲಿಂದ ನಮ್ಮ ಮನೆಯ ಹೊಗೆ ಕಾಣಿಸಿತು ದಿದಿ. ಆದರೂ ಬರಲಿಲ್ಲ.

ನಾನು ದೇವಿಗೆ ಏನನ್ನೂ ಕೊಡಲಿಲ್ಲ, ಯಾರ ಮೇಲೂ ಏನನ್ನೂ ಹಾಕಲಿಲ್ಲ. ಮಗಳನ್ನು ತೋರಿಸಿ ಇಷ್ಟೇ ಹೇಳಿದೆ: "ತಾಯಿ, ನಿನ್ ಹತ್ರ ಬಂದ ಆ ಇಬ್ರೂ ಕೆಟ್ಟೋರಲ್ಲ. ಒಬ್ರನ್ನೊಬ್ರು ಕೇಳಲ್ಲ, ಅಷ್ಟೇ. ನೀನು ಶಿಕ್ಷೆ ಕೊಡೋದು ಬೇಡ. ಅವರಿಬ್ರನ್ನೂ ನಂಗೆ ಬಿಡು."

ದೇವಿ ಏನೂ ಹೇಳಲಿಲ್ಲ. ಒಪ್ಪಿದ್ದಾಳೆ ಎಂದುಕೊಂಡು ಇಳಿದು ಬಂದೆ.

ಮಧುಲಿ